ಯಾರು ಹೋಗಿ ನೋಡಿ ಬಂದದ್ದು?

2025ರ ಏಪ್ರಿಲ್ 17ರ ಬೆಳಿಗ್ಗೆ ಮಲ್ಪೆಯಿಂದ ಚಿಕ್ಕಮ್ಮ ಫೋನ್ ಮಾಡಿದರು. ಟಿವಿಯಲ್ಲಿ ಆಗಲೇ ಸುದ್ದಿ ಓಡುತ್ತಿತ್ತಂತೆ. “ಅಲ್ಲ ಮಾರಾಯ್ತಿ, ಬೇರೆ ಗ್ರಹದಲ್ಲಿ ಜೀವ ಉಂಟಂತೆ, ಸಮುದ್ರವೂ ಉಂಟಂತೆ. ಯಾರು ಹೋಗಿ ನೋಡಿ ಬಂದದ್ದು?” ಯಾರೂ ಹೋಗಿಲ್ಲ ಚಿಕ್ಕಮ್ಮ ಎಂದೆ. “ಮತ್ತೆ ಹೇಗೆ ಗೊತ್ತಾದದ್ದು?”

ಅವರ ಎರಡನೆಯ ಪ್ರಶ್ನೆಯೇ ದೊಡ್ಡದು. ಅಂದು ನನ್ನ ಕಣ್ಣಿಗೆ ಬಿದ್ದ ಸುದ್ದಿಗಳಲ್ಲಿ ಏನು ಸಿಕ್ಕಿತು ಎಂಬುದಿತ್ತು, ಹೇಗೆ ಗೊತ್ತಾಯಿತು ಎಂಬುದು ಇರಲಿಲ್ಲ. ಈ ವಿಷಯದಲ್ಲಿ ‘ಹೇಗೆ’ ತಿಳಿಯದೆ ‘ಏನು’ ಎಂಬುದನ್ನು ನಂಬಲೂ ಆಗದು, ಅಲ್ಲಗಳೆಯಲೂ ಆಗದು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸುದ್ದಿ ಇದ್ದದ್ದು ಕೆ2-18ಬಿ ಎಂಬ ಗ್ರಹದ ಬಗ್ಗೆ. ಸಿಂಹ ರಾಶಿಯ ದಿಕ್ಕಿನಲ್ಲಿ, 124 ಜ್ಯೋತಿರ್ವರ್ಷ ದೂರದಲ್ಲಿ, ಒಂದು ಕೆಂಪು ಕುಬ್ಜ ನಕ್ಷತ್ರವನ್ನು ಅದು 33 ದಿನಕ್ಕೊಮ್ಮೆ ಸುತ್ತುತ್ತದೆ. ತೂಕ ಭೂಮಿಯ ಎಂಟೂವರೆ ಪಟ್ಟು, ಅಡ್ಡಳತೆ 2.6 ಪಟ್ಟು. 2015ರಲ್ಲಿ ಕೆಪ್ಲರ್ ದೂರದರ್ಶಕದ ಕಣ್ಣಿಗೆ ಬಿದ್ದದ್ದು. ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದಿಂದ ಇದನ್ನು ನೋಡಿ, ಅದರ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಸೋದರ ಅನಿಲ ಡೈಮೀಥೈಲ್ ಡೈಸಲ್ಫೈಡ್ ಇರುವ ಸುಳಿವು ಸಿಕ್ಕಿದೆ ಎಂದು ಪ್ರಕಟಿಸಿತು. ಮಧುಸೂದನ್ ನಮ್ಮವರೇ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದವರು.

ಈ ಡೈಮೀಥೈಲ್ ಸಲ್ಫೈಡ್ ಚಿಕ್ಕಮ್ಮನಿಗೆ ಹೆಸರಿನಿಂದ ಗೊತ್ತಿಲ್ಲದಿದ್ದರೂ ಮೂಗಿಗೆ ಗೊತ್ತು. ಸಮುದ್ರದ ಗಾಳಿಗೊಂದು ವಾಸನೆಯಿದೆಯಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಮುಸುಕಿನ ಜೋಳ ಬೇಯಿಸುವಾಗ ಮನೆಯೆಲ್ಲ ಹರಡುವ ಪರಿಮಳದಲ್ಲೂ ಇದೇ ಅನಿಲ ಇರುತ್ತದೆ. ಕಡಲಿನಲ್ಲಿ ಇದು ಹುಟ್ಟುವುದು ಕಣ್ಣಿಗೆ ಕಾಣದ ಸಸ್ಯ ಪ್ಲವಕಗಳಿಂದ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ನಮ್ಮ ಅರಬ್ಬಿ ಸಮುದ್ರದಲ್ಲೇ ಇದನ್ನು ಅಳೆದಿದ್ದಾರೆ. ಭೂಮಿಯ ಗಾಳಿಯಲ್ಲಿರುವ ಈ ಅನಿಲದ ಮೂಲ ಹೆಚ್ಚುಕಡಿಮೆ ಪೂರ್ತಿ ಜೀವಿಗಳೇ. ಹಾಗಾಗಿ ಅಲ್ಲೂ ಇದೆ ಎಂದರೆ ಅಲ್ಲೂ ಜೀವಿಗಳಿರಬಹುದೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಅಲ್ಲಿಗೆ ಹೋಗಿ ನೋಡುವ ಮಾತಂತೂ ಇಲ್ಲ. ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿರುವ ವಾಯೇಜರ್-1 ನೌಕೆ ಆ ದಿಕ್ಕಿಗೆ ಹೊರಟಿದ್ದರೂ ತಲುಪಲು 20 ಲಕ್ಷ ವರ್ಷಕ್ಕೂ ಹೆಚ್ಚು ಬೇಕು. ನಮ್ಮ ಕೈಗೆ ಸಿಗುವುದು ಅಲ್ಲಿಂದ ಬರುವ ಬೆಳಕು ಮಾತ್ರ, ಅದೂ ಹಳೆಯ ಬೆಳಕು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದದ್ದು 1902ರಲ್ಲಿ. ಅದಕ್ಕೂ ಒಂದೆರಡು ವರ್ಷ ಮೊದಲು ಹೊರಟ ಬೆಳಕು 2024ರಲ್ಲಿ ವೆಬ್‌ನ ಕನ್ನಡಿಯ ಮೇಲೆ ಬಿತ್ತು.

ಆ ಬೆಳಕು ಕೂಡ ಗ್ರಹದ್ದಲ್ಲ, ನಕ್ಷತ್ರದ್ದು. ಇಲ್ಲೇ ಬಹಳ ಜನ ಎಡವುತ್ತಾರೆ. ಪತ್ರಿಕೆಗಳಲ್ಲಿ ಬಂದ ನೀಲಿ ಸಮುದ್ರದ ಸುಂದರ ಗೋಳ ಕಲಾವಿದರ ಕಲ್ಪನೆ. ಕೆ2-18ಬಿಯನ್ನು ಈವರೆಗೆ ಯಾವ ದೂರದರ್ಶಕವೂ ಚುಕ್ಕೆಯಾಗಿ ಕೂಡ ಬೇರ್ಪಡಿಸಿ ಕಂಡಿಲ್ಲ.

2004 ಅಥವಾ 2012ರ ಜೂನ್‌ನಲ್ಲಿ ಶುಕ್ರ ಸಂಕ್ರಮಣ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಬಿಳಿ ಹಾಳೆಯ ಮೇಲೆ ಬಿದ್ದ ಸೂರ್ಯಬಿಂಬದಲ್ಲಿ ಸಾಸಿವೆ ಕಾಳಿನಷ್ಟು ಕರಿ ಚುಕ್ಕೆ ನಿಧಾನವಾಗಿ ಸರಿದು ಹೋಯಿತು. ಆಗ ಸೂರ್ಯನ ಬೆಳಕು ಸಾವಿರದಲ್ಲಿ ಸುಮಾರು ಒಂದು ಪಾಲು ಕಡಿಮೆಯಾಗಿತ್ತು. ಕೆ2-18ಬಿ ತನ್ನ ನಕ್ಷತ್ರದ ಮುಂದೆ ಹಾದಾಗಲೂ ಇದೇ ಆಗುತ್ತದೆ. ಅಲ್ಲಿನ ನಕ್ಷತ್ರ ಸೂರ್ಯನ ಅರ್ಧಕ್ಕಿಂತ ಚಿಕ್ಕದು, ಆದ್ದರಿಂದ ಬೆಳಕು ಸಾವಿರದಲ್ಲಿ ಮೂರು ಪಾಲಿನಷ್ಟು ಕುಗ್ಗುತ್ತದೆ. ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳಿಗೆ ಹೊರಗ್ರಹ ಎನ್ನುತ್ತಾರೆ. ಈವರೆಗೆ ಖಚಿತವಾಗಿರುವ 6,000ಕ್ಕೂ ಹೆಚ್ಚು ಹೊರಗ್ರಹಗಳಲ್ಲಿ ಬಹುಪಾಲು ಸಿಕ್ಕಿದ್ದು ಹೀಗೆ, ಬೆಳಕು ಕುಗ್ಗಿದ ಲೆಕ್ಕದಿಂದ.

2012ರ ಒಳ್ಳೆಯ ಚಿತ್ರಗಳನ್ನು ನೋಡಿದವರಿಗೆ ಇನ್ನೊಂದೂ ನೆನಪಿರುತ್ತದೆ. ಶುಕ್ರ ಸೂರ್ಯನ ಅಂಚಿನಲ್ಲಿದ್ದಾಗ ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ಬೆಳಕಿನ ಬಳೆ ಕಂಡಿತ್ತು. ಅದು ಶುಕ್ರನ ವಾತಾವರಣದ ಮೂಲಕ ಹಾದು ಬಂದ ಸೂರ್ಯನ ಬೆಳಕು. ವೆಬ್ ದೂರದರ್ಶಕ ಹುಡುಕುವುದು ದೂರದ ಗ್ರಹದ ಇಂಥದೇ ಬಳೆಯನ್ನು. ಆ ಬಳೆಯೊಳಗಿಂದ ಬಂದ ಬೆಳಕಿನಲ್ಲಿ ಅಲ್ಲಿನ ಅನಿಲಗಳ ಗುರುತು ಇರುತ್ತದೆ.

ಗುರುತು ಎಂದರೆ ಏನೆಂದು ಅಡುಗೆಮನೆಯಲ್ಲೇ ನೋಡಬಹುದು. ಗ್ಯಾಸ್ ಒಲೆಯ ಮೇಲಿಟ್ಟ ಸಾರು ಉಕ್ಕಿ ಚೆಲ್ಲಿದರೆ ನೀಲಿ ಉರಿ ತಟಕ್ಕನೆ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂ. ಬಿಸಿಯಾದ ಸೋಡಿಯಂ ಯಾವ ಹಳದಿಯನ್ನು ಬೀರುತ್ತದೋ, ಹಿಂದಿನಿಂದ ಬೆಳಕು ಹಾಯಿಸಿದರೆ ತಣ್ಣಗಿರುವ ಸೋಡಿಯಂ ಆವಿ ಅದೇ ಹಳದಿಯನ್ನು ನುಂಗುತ್ತದೆ. ಪ್ರತಿ ಅನಿಲಕ್ಕೂ ಇಂಥ ತನ್ನದೇ ಗೆರೆಗಳಿವೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಯಾವ ಜಾಗದಲ್ಲಿ ಎಷ್ಟು ಕಡಿಮೆಯಾಗಿದೆ ಎಂದು ನೋಡುವುದೇ ರೋಹಿತ ಅಧ್ಯಯನ. ಈ ವಿದ್ಯೆಯ ಮೇಲೆ ನಂಬಿಕೆ ಹುಟ್ಟಿಸಿದ ಒಂದು ಘಟನೆ ನಮ್ಮ ಪಕ್ಕದಲ್ಲೇ ನಡೆದಿತ್ತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ಖಗೋಳ ವಿಜ್ಞಾನಿ ಜೂಲ್ಸ್ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಸೂರ್ಯನಿಂದ ಚಿಮ್ಮುವ ಜ್ವಾಲೆಯ ಬೆಳಕಿನಲ್ಲಿ ಆ ಗ್ರಹಣದ ವೇಳೆ ಕಂಡ ಒಂದು ಹಳದಿ ಗೆರೆ, ಭೂಮಿಯಲ್ಲಿ ಆವರೆಗೆ ಗೊತ್ತಿದ್ದ ಯಾವ ಧಾತುವಿನದೂ ಆಗಿರಲಿಲ್ಲ. ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಆ ಅನಿಲ ಕೈಗೆ ಸಿಕ್ಕಿದ್ದು 1895ರಲ್ಲಿ. ಯಾರೂ ಸೂರ್ಯನಿಗೆ ಹೋಗಿ ಬಂದಿರಲಿಲ್ಲ, ಆದರೂ ಗೆರೆ ಸುಳ್ಳಾಗಲಿಲ್ಲ.

ಅಂದ ಮೇಲೆ ಕೆ2-18ಬಿಯ ಗೆರೆಯನ್ನೂ ಹಾಗೇ ನಂಬಬಹುದಲ್ಲ? ಇಲ್ಲಿ ನಿಧಾನಿಸಬೇಕು.

ಗ್ರಹ ಅಡ್ಡ ಬಂದಾಗ ಬೆಳಕು ಕುಗ್ಗುವುದು ಸಾವಿರದಲ್ಲಿ ಮೂರು ಪಾಲು ಎಂದೆ. ಅದರಲ್ಲಿ ವಾತಾವರಣದ ಅನಿಲಗಳು ಉಂಟುಮಾಡುವ ವ್ಯತ್ಯಾಸ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಇಷ್ಟು ಸಣ್ಣದನ್ನು ಅಳೆಯುವಾಗ ಉಪಕರಣದ ನಡುಕ, ನಕ್ಷತ್ರದ ಮೇಲಿನ ಕಲೆಗಳು, ದತ್ತಾಂಶವನ್ನು ಶುಚಿಗೊಳಿಸುವ ಕ್ರಮ, ಎಲ್ಲವೂ ಉತ್ತರದ ಮೇಲೆ ಕೈಯಾಡಿಸುತ್ತವೆ. ಮಧುಸೂದನ್ ತಂಡಕ್ಕೆ ಸಿಕ್ಕಿದ ಖಚಿತತೆ ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ಮೂರು ಸಿಗ್ಮಾ. ಟಿವಿಗಳಲ್ಲಿ ಇದು “ಜೀವ ಇರುವ ಸಾಧ್ಯತೆ ಶೇ 99.7” ಎಂದಾಯಿತು. ಅದು ತಪ್ಪು. ಮೂರು ಸಿಗ್ಮಾ ಎಂದರೆ, ಅಲ್ಲಿ ಆ ಅನಿಲ ಇಲ್ಲದಿದ್ದರೂ ಬರೀ ಆಕಸ್ಮಿಕದಿಂದ ಇಂಥದೊಂದು ಏರಿಳಿತ ಕಾಣುವ ಸಂಭವ ಸುಮಾರು 370ರಲ್ಲಿ ಒಂದು. ಜೀವದ ಮಾತು ಈ ಲೆಕ್ಕದೊಳಗೆ ಎಲ್ಲೂ ಇಲ್ಲ.

370ರಲ್ಲಿ ಒಂದು ಎಂದರೆ ತೀರಾ ಅಪರೂಪ ಅನಿಸಬಹುದು. ಕ್ರಿಕೆಟ್ ನೋಡುವವರು 2025ರ ಮಾರ್ಚ್‌ನ ಚಾಂಪಿಯನ್ಸ್ ಟ್ರೋಫಿ ಫೈನಲ್ ನೆನಪಿಸಿಕೊಳ್ಳಲಿ. ಅಂದು ಭಾರತ ಏಕದಿನ ಪಂದ್ಯಗಳಲ್ಲಿ ಸತತ 15ನೇ ಬಾರಿ ಟಾಸ್ ಸೋತಿತು. ಅದರ ಸಂಭವ 32,768ರಲ್ಲಿ ಒಂದು. ನಾಣ್ಯದಲ್ಲಿ ಯಾವ ದೋಷವೂ ಇರಲಿಲ್ಲ. ಇಷ್ಟೊಂದು ತಂಡಗಳು ಇಷ್ಟೊಂದು ಪಂದ್ಯ ಆಡಿದರೆ ಎಂದಾದರೊಮ್ಮೆ ಹೀಗೂ ಆಗಬಹುದು. ಎಷ್ಟೋ ಗ್ರಹಗಳನ್ನು ನೋಡಿ, ಒಂದೊಂದರಲ್ಲೂ ಹತ್ತಾರು ಅನಿಲಗಳಿಗಾಗಿ ತಡಕಾಡಿದಾಗ 370ರಲ್ಲಿ ಒಂದು ಎಂಬುದು ಅಷ್ಟೇನೂ ದೊಡ್ಡದಲ್ಲ. ಅದಕ್ಕೇ ಭೌತವಿಜ್ಞಾನಿಗಳು ಐದು ಸಿಗ್ಮಾ ಕೇಳುತ್ತಾರೆ. ಅದು ಸುಮಾರು 17 ಲಕ್ಷದಲ್ಲಿ ಒಂದು. ಮಧುಸೂದನ್ ತಂಡವೂ ತಾವು ಅಲ್ಲಿಗೆ ತಲುಪಿಲ್ಲ, ಇನ್ನಷ್ಟು ಗಂಟೆ ವೆಬ್ ಬೇಕು ಎಂದು ಅಂದೇ ಸ್ಪಷ್ಟವಾಗಿ ಹೇಳಿತ್ತು. ಆ ಮಾತು ನಾನು ನೋಡಿದ ಸುದ್ದಿಗಳ ಕೊನೆಯ ಸಾಲಿಗೂ ಬರಲಿಲ್ಲ.

ಮುಂದಿನ ಕೆಲವೇ ವಾರಗಳಲ್ಲಿ ನಡೆದದ್ದು ನನ್ನ ಮಟ್ಟಿಗೆ ಆ ಘೋಷಣೆಗಿಂತ ಹೆಚ್ಚು ರೋಮಾಂಚಕ. ವೆಬ್‌ನ ದತ್ತಾಂಶ ಎಲ್ಲರಿಗೂ ತೆರೆದದ್ದಾಗಿತ್ತು. ಆಕ್ಸ್‌ಫರ್ಡ್‌ನ ಜೇಕ್ ಟೇಲರ್, ಯಾವ ಅನಿಲದ ಹೆಸರನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ, ಅಳತೆಗಳನ್ನು ಚುಕ್ಕೆಗಳಾಗಿ ಗುರುತಿಸಿದ ನಕ್ಷೆಯಲ್ಲಿ ಏರಿಳಿತ ನಿಜಕ್ಕೂ ಇದೆಯೇ ಎಂದಷ್ಟೇ ಪರೀಕ್ಷಿಸಿದರು. ನೆಟ್ಟಗಿನ ಗೆರೆಯೂ ಆ ಚುಕ್ಕೆಗಳಿಗೆ ಚೆನ್ನಾಗಿಯೇ ಹೊಂದುತ್ತಿತ್ತು. ಶಿಕಾಗೋದ ರಫಾಯೆಲ್ ಲೂಕೆ ಮತ್ತು ಸಂಗಡಿಗರು ವೆಬ್‌ನ ಬೇರೆ ಉಪಕರಣಗಳ ಹಿಂದಿನ ದತ್ತಾಂಶವನ್ನೂ ಒಟ್ಟಿಗೆ ಸೇರಿಸಿ ನೋಡಿದರು, ಸುಳಿವು ಕರಗಿತು. ಲೂಯಿಸ್ ವೆಲ್‌ಬ್ಯಾಂಕ್ಸ್ ತಂಡ ಹುಡುಕುವ ಅನಿಲಗಳ ಪಟ್ಟಿಯನ್ನೇ ಉದ್ದ ಮಾಡಿತು. ಆಗ ಜೀವಕ್ಕೆ ಸಂಬಂಧವೇ ಇಲ್ಲದ ಬೇರೆ ಹೈಡ್ರೋಕಾರ್ಬನ್‌ಗಳೂ ಅದೇ ಏರಿಳಿತವನ್ನು ಅಷ್ಟೇ ಚೆನ್ನಾಗಿ ವಿವರಿಸಿದವು. ಕೇಂಬ್ರಿಜ್ ತಂಡ ಸುಮ್ಮನಾಗಲಿಲ್ಲ, 650 ಅನಿಲಗಳನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿತು. ಇದು ಜಗಳವಲ್ಲ, ಕೆಲಸ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ವಾರದೊಳಗೆ ಬಿಚ್ಚಿ ನೋಡಲು ಸಾಧ್ಯವಾಯಿತು ಎಂಬುದೇ ಈ ಇಡೀ ಪ್ರಕರಣದಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ.

ಮೇ ತಿಂಗಳಲ್ಲಿ ಊರಿಗೆ ಹೋದಾಗ ಒಲೆಯ ಉರಿಯನ್ನು ಚಿಕ್ಕಮ್ಮನಿಗೆ ತೋರಿಸಿಯೇ ಹೇಳಿದೆ. ಚಿಟಿಕೆ ಉಪ್ಪು ಉದುರಿಸಿದೆ, ಉರಿ ಹಳದಿಯಾಯಿತು. ಇಷ್ಟು ದೂರದಿಂದ ನೋಡಿಯೇ ಉಪ್ಪು ಅಂತ ಹೇಳಬಹುದು, ಹಾಗೇ ಅದು ಅಂದೆ. ಅವರು ಸ್ವಲ್ಪ ಹೊತ್ತು ಉರಿಯನ್ನೇ ನೋಡಿ ಅಂದರು: “ಉಪ್ಪು ಅಂತ ಗೊತ್ತಾಯ್ತು, ಸರಿ. ಸಾರು ಉಕ್ಕಿದ್ದು ಅಂತ ಹೇಗೆ ಗೊತ್ತಾಗ್ತದೆ? ಈಗ ನೀನೇ ಉದುರಿಸಿದೆಯಲ್ಲ.”

ಹೊರಗ್ರಹ ವಿಜ್ಞಾನದ ಅತಿ ಕಷ್ಟದ ಪ್ರಶ್ನೆ ಇದೇ. ಡೈಮೀಥೈಲ್ ಸಲ್ಫೈಡ್ ಅಲ್ಲಿ ಇದೆ ಎಂದು ನಾಳೆ ಐದು ಸಿಗ್ಮಾದಲ್ಲಿ ಖಚಿತವಾದರೂ, ಅದನ್ನು ಜೀವವೇ ಮಾಡಿತೆಂದು ಹೇಗೆ ಹೇಳುವುದು? 2024ರಲ್ಲಿ ರೊಸೆಟ್ಟಾ ನೌಕೆಯ ಹಳೆಯ ದತ್ತಾಂಶ ಕೆದಕಿದ ವಿಜ್ಞಾನಿಗಳಿಗೆ 67ಪಿ ಧೂಮಕೇತುವಿನಲ್ಲಿ ಇದೇ ಅನಿಲ ಸಿಕ್ಕಿತು. ಜೀವದ ಸುಳಿವೇ ಇಲ್ಲದ ಹಿಮದ ಮುದ್ದೆ ಅದು. ಅದೇ ವರ್ಷ ಕೊಲೊರಾಡೊದ ಪ್ರಯೋಗಾಲಯವೊಂದರಲ್ಲಿ, ಅನಿಲಗಳ ಮಿಶ್ರಣದ ಮೇಲೆ ನೇರಳಾತೀತ ಬೆಳಕು ಬಿಟ್ಟಾಗ ಯಾವ ಜೀವಿಯ ನೆರವೂ ಇಲ್ಲದೆ ಇದು ಹುಟ್ಟಿತು. ಇನ್ನೊಂದು ತೊಡಕು ಪ್ರಮಾಣದ್ದು. ಭೂಮಿಯ ಗಾಳಿಯಲ್ಲಿ ಇದು ನೂರು ಕೋಟಿಯಲ್ಲಿ ಒಂದು ಪಾಲೂ ಇಲ್ಲ. ಕೆ2-18ಬಿಯಲ್ಲಿ ಇದೆ ಎಂದು ಅಂದಾಜಿಸಿದ್ದು ಅದರ ಸಾವಿರಾರು ಪಟ್ಟು. ಅಷ್ಟೊಂದು ಜೀವದಿಂದ ತುಂಬಿ ತುಳುಕುವ ಕಡಲು ಎಂದೂ ಓದಬಹುದು, ನಮಗೆ ಗೊತ್ತಿಲ್ಲದ ರಸಾಯನಕ್ರಿಯೆ ಎಂದೂ ಓದಬಹುದು. ಈಗಿನ ಮಟ್ಟಿಗೆ ನಾನು ಎರಡನೆಯದರ ಕಡೆಗೇ ವಾಲುತ್ತೇನೆ.

ಕಡಲು ಎಂದೆ. ಆ ಕಡಲೇ ಇದೆಯೋ ಇಲ್ಲವೋ. ಹೈಡ್ರೋಜನ್ ತುಂಬಿದ ವಾತಾವರಣದ ಕೆಳಗೆ ಗ್ರಹವಿಡೀ ಸಮುದ್ರ ಇರುವ ಲೋಕಗಳನ್ನು ಮಧುಸೂದನ್ 2021ರಲ್ಲಿ ‘ಹೈಸಿಯನ್’ ಎಂದು ಕರೆದರು. 2023ರಲ್ಲಿ ಈ ಗ್ರಹದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಸಿಕ್ಕಿ, ಅಮೋನಿಯಾ ಸಿಗದೇ ಹೋದದ್ದು ಆ ಊಹೆಗೆ ಬಲ ಕೊಟ್ಟಿತು. ಆದರೆ ಬೇರೆ ತಂಡಗಳ ಲೆಕ್ಕದಲ್ಲಿ ಇದೇ ಅನಿಲಗಳು ಕುದಿಯುವ ಶಿಲಾಪಾಕದ ಮೇಲಿನ ವಾತಾವರಣಕ್ಕೂ ಹೊಂದುತ್ತವೆ, ನೆಲವೇ ಇಲ್ಲದ ಪುಟ್ಟ ನೆಪ್ಚೂನಿಗೂ ಹೊಂದುತ್ತವೆ. ನಮ್ಮ ಸೌರಮಂಡಲದಲ್ಲಿ ಈ ಗಾತ್ರದ ಗ್ರಹ ಒಂದೂ ಇಲ್ಲದಿರುವುದರಿಂದ ಹೋಲಿಸಿ ನೋಡಲು ಹತ್ತಿರದ ಉದಾಹರಣೆಯೇ ಇಲ್ಲ. ಇದೇ ಗ್ರಹದ ವಿಷಯದಲ್ಲಿ ಒಮ್ಮೆ ಎಡವಿದ್ದೂ ಆಗಿದೆ. 2019ರಲ್ಲಿ ಹಬಲ್ ದೂರದರ್ಶಕದ ದತ್ತಾಂಶದಿಂದ ಎರಡು ತಂಡಗಳು ಇಲ್ಲಿ ನೀರಾವಿ ಸಿಕ್ಕಿತೆಂದು ಹೇಳಿದ್ದವು. ವೆಬ್ ನೋಡಿದ ಮೇಲೆ ಆ ಗುರುತು ಬಹುಪಾಲು ಮೀಥೇನಿನದೆಂದು ಗೊತ್ತಾಯಿತು.

ಹಾಗಾದರೆ ಯಾವುದನ್ನು ಕಂಡರೆ ನಂಬುವುದು? 1990ರ ಡಿಸೆಂಬರಿನಲ್ಲಿ ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆ ವೇಗ ಪಡೆಯಲು ಭೂಮಿಯ ಪಕ್ಕದಿಂದ ಹಾದುಹೋಯಿತು. ಆಗ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಸಂಗಡಿಗರು, ಭೂಮಿಯ ಬಗ್ಗೆ ಏನೂ ಗೊತ್ತಿಲ್ಲದವರಂತೆ ನಿಂತು, ಈ ನೌಕೆಯ ಉಪಕರಣಗಳಿಂದ ಇಲ್ಲಿ ಜೀವ ಇದೆಯೆಂದು ಹೇಳಲು ಸಾಧ್ಯವೇ ಎಂದು ಪರೀಕ್ಷಿಸಿದರು. ಅವರಿಗೆ ಸಿಕ್ಕಿದ್ದು ಒಂದಲ್ಲ, ಹಲವು ಗುರುತು. ಗಾಳಿಯಲ್ಲಿ ಹೇರಳ ಆಮ್ಲಜನಕ. ಅದರ ಜೊತೆಗೇ ಮೀಥೇನ್. ಇವೆರಡೂ ಒಟ್ಟಿಗೆ ಬಾಳುವ ಜೋಡಿಯಲ್ಲ. ಗಾಳಿಗೆ ಸೇರಿದ ಮೀಥೇನ್ ಸುಮಾರು ಹತ್ತು ವರ್ಷದಲ್ಲಿ ಸುಟ್ಟು ಮುಗಿಯುತ್ತದೆ, ಆದರೂ ಇದೆಯೆಂದರೆ ಯಾವುದೋ ಮೂಲ ಅದನ್ನು ಎಡೆಬಿಡದೆ ತುಂಬುತ್ತಿರಬೇಕು. ಗದ್ದೆ, ಕೆಸರು, ದನಗಳ ಹೊಟ್ಟೆ ಆ ಮೂಲಗಳು. ನೆಲದ ಮೇಲೆ ಕೆಂಪು ಬೆಳಕನ್ನು ಹೀರಿ, ಅದರಾಚೆಯ ಅವಕೆಂಪು ಬೆಳಕನ್ನು ಮಾತ್ರ ಹಿಂದಕ್ಕೆ ಚಿಮ್ಮಿಸುವ ವಿಚಿತ್ರ ವಸ್ತುವೊಂದು ಹರಡಿಕೊಂಡಿತ್ತು. ಅದು ಹಸಿರೆಲೆ. ಜೊತೆಗೆ ಪ್ರಕೃತಿಯಲ್ಲಿ ಹುಟ್ಟದ ರೇಡಿಯೊ ಸಂಕೇತಗಳು. ಇಷ್ಟೆಲ್ಲ ಸೇರಿದಾಗಲೇ ಜೀವ ಎಂಬ ತೀರ್ಮಾನಕ್ಕೆ ಬಲ ಬಂತು. ಒಂಟಿ ಅನಿಲವೊಂದು ಎಷ್ಟೇ ಆಕರ್ಷಕವಾಗಿದ್ದರೂ ಆ ಭಾರ ಹೊರಲಾರದು.

2021ರಲ್ಲಿ ನಾಸಾದ ವಿಜ್ಞಾನಿಗಳು ಇದಕ್ಕೊಂದು ಏಳು ಮೆಟ್ಟಿಲಿನ ಅಳತೆಗೋಲು ಸೂಚಿಸಿದರು. ಮೊದಲ ಮೆಟ್ಟಿಲು, ಜೀವದಿಂದ ಬರಬಹುದಾದ ಸಂಕೇತ ಸಿಗುವುದು. ನಂತರ ಅದು ಉಪಕರಣದ ಕೊಳೆಯಲ್ಲ ಎಂದು ಖಚಿತಪಡಿಸುವುದು, ಜೀವವಿಲ್ಲದ ಮೂಲಗಳನ್ನು ಒಂದೊಂದಾಗಿ ತಳ್ಳಿಹಾಕುವುದು, ಬೇರೆ ದಾರಿಯಿಂದ ಇನ್ನೊಂದು ಸಾಕ್ಷ್ಯ ಪಡೆಯುವುದು, ಹೀಗೆ ಮೇಲೇರಬೇಕು. ಕೆ2-18ಬಿ ಇನ್ನೂ ಮೊದಲ ಮೆಟ್ಟಿಲಲ್ಲೇ ಕಾಲು ಗಟ್ಟಿಯಾಗಿ ಊರಿಲ್ಲ. ಕೇಂಬ್ರಿಜ್‌ನ ಪ್ರಕಟಣೆಯೇ “ಈವರೆಗಿನ ಅತ್ಯಂತ ಬಲವಾದ ಸುಳಿವು” ಎಂಬರ್ಥದ ತಲೆಬರಹ ಹೊತ್ತು ಬಂದದ್ದರಿಂದ ದೂರನ್ನೆಲ್ಲ ಟಿವಿಯವರ ಮೇಲೆ ಹೊರಿಸುವುದೂ ನ್ಯಾಯವಲ್ಲ. 1996ರಲ್ಲಿ ಮಂಗಳದ ಉಲ್ಕಾಶಿಲೆಯಲ್ಲಿ ಜೀವದ ಕುರುಹು ಸಿಕ್ಕಿತೆಂಬ ಸುದ್ದಿಯ ಬಗ್ಗೆ ಅಮೆರಿಕದ ಅಧ್ಯಕ್ಷರೇ ಮಾತಾಡಿದ್ದರು. 2020ರಲ್ಲಿ ಶುಕ್ರನ ಮೋಡಗಳಲ್ಲಿ ಜೀವದ ಸುಳಿವಾಗಬಹುದಾದ ಫಾಸ್ಫೀನ್ ಅನಿಲ ಸಿಕ್ಕಿತೆಂಬ ಸುದ್ದಿ ಬಂತು. ಎರಡೂ ಇಂದಿಗೂ ಇತ್ಯರ್ಥವಾಗಿಲ್ಲ. ಪ್ರತಿ ಸಲವೂ ಜೋರಾಗಿ ಕೂಗಿ ಆಮೇಲೆ ಮೌನವಾದರೆ, ನಿಜವಾಗಿ ಸಿಕ್ಕ ದಿನ ಕನ್ನಡದ ಓದುಗರು ಪುಟ ಮಗುಚಿ ಮುಂದೆ ಹೋಗುತ್ತಾರೆ ಎಂಬುದು ನನ್ನ ಭಯ. ಮನುಷ್ಯರು ಕೇಳಿರುವ ಅತಿ ದೊಡ್ಡ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಬಂದ ದಿನ ಹಾಗಾಗಬಾರದು.

2025ರ ಜುಲೈನಲ್ಲಿ ಹೊಸ ವೀಕ್ಷಣೆಗಳನ್ನು ಸೇರಿಸಿದ ಅಧ್ಯಯನವೊಂದು ಬಂತು. ರೆನ್ಯು ಹು ಅದರ ಮುಖ್ಯ ಲೇಖಕರು. ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಗಟ್ಟಿಯಾದವು, ಗ್ರಹದ ಒಳಗೆ ನೀರು ಹೇರಳವಾಗಿರಬೇಕು ಎಂಬ ಸೂಚನೆ ಸಿಕ್ಕಿತು. ಡೈಮೀಥೈಲ್ ಸಲ್ಫೈಡಿಗೆ ಮಾತ್ರ ಖಚಿತ ಆಧಾರ ಸಿಗಲಿಲ್ಲ. ಅಲ್ಲಿಗೆ ಈ ಕಥೆ ಮುಗಿಯಿತೆಂದಲ್ಲ. ಆ ಗ್ರಹ 33 ದಿನಕ್ಕೊಮ್ಮೆ ತಪ್ಪದೆ ತನ್ನ ನಕ್ಷತ್ರದ ಮುಂದೆ ಹಾಯುತ್ತಲೇ ಇರುತ್ತದೆ, ಪ್ರತಿ ಸಲ ಹಾಯುವಾಗಲೂ ಇನ್ನೊಂದಿಷ್ಟು ಬೆಳಕು ಸಿಗುತ್ತದೆ.

ಈ ಹುಡುಕಾಟದಲ್ಲಿ ನಮ್ಮ ನೆಲದ ಪಾಲೂ ಇದೆ, ಅದು ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ದೂರದರ್ಶಕವನ್ನು ನಡೆಸುತ್ತಿದೆ. ಆದರೆ ಅದನ್ನು ನಡೆಸುವವರು ಕೂರುವುದು ಹೊಸಕೋಟೆಯಲ್ಲಿ. ಉಪಗ್ರಹ ಸಂಪರ್ಕದ ಮೂಲಕ ಅಲ್ಲಿಂದಲೇ ಹಿಮಾಲಯದ ದೂರದರ್ಶಕವನ್ನು ಆಕಾಶದ ಕಡೆ ತಿರುಗಿಸುತ್ತಾರೆ. ಹೊರಗ್ರಹಗಳ ಸಂಕ್ರಮಣವನ್ನೂ ಹೀಗೆ ಅಳೆದಿದ್ದಾರೆ. ಹಲವು ದೇಶಗಳು ಸೇರಿ ಕಟ್ಟಬೇಕೆಂದಿರುವ ಮೂವತ್ತು ಮೀಟರ್ ಕನ್ನಡಿಯ ದೂರದರ್ಶಕಕ್ಕೆ ಬೇಕಾದ 492 ಕನ್ನಡಿ ತುಣುಕುಗಳಲ್ಲಿ ಒಂದಿಷ್ಟನ್ನು ನಯಗೊಳಿಸುವ ಘಟಕವೂ ಅದೇ ಹೊಸಕೋಟೆಯಲ್ಲಿದೆ. ಆ ದೂರದರ್ಶಕದ ಜಾಗ ಮತ್ತು ಹಣದ ತಕರಾರು ಬಗೆಹರಿಯಬೇಕಷ್ಟೆ.

ಇನ್ನೊಂದು ಉಪಕರಣದ ಹೆಸರು ಶೇಪ್. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾಗಿ 2023ರ ಜುಲೈ 14ರಂದು ಚಂದ್ರಯಾನ-3ರ ಜೊತೆ ಹೋಯಿತು. ವಿಕ್ರಮ್ ಇಳಿದ ಸಂಭ್ರಮದಲ್ಲಿ ಇದರ ಮಾತೇ ಬರಲಿಲ್ಲ. ಚಂದ್ರನಿಗೆ ಇಳಿಯದೆ ಮೇಲೆಯೇ ಸುತ್ತುತ್ತಿದ್ದ ಭಾಗದಲ್ಲಿ ಕೂತು ಅದು ನೋಡಿದ್ದು ಭೂಮಿಯನ್ನು. ಊರು, ನದಿ, ದೇಶ ಯಾವುದನ್ನೂ ಬೇರ್ಪಡಿಸದೆ, ದೂರದ ಗ್ರಹವೊಂದನ್ನು ನೋಡುವ ಹಾಗೆ, ಭೂಮಿಯ ಬೆಳಕನ್ನೆಲ್ಲ ಒಟ್ಟಿಗೆ ಹಿಡಿದು ಬಿಡಿಸುವುದು ಅದರ ಕೆಲಸ. ಜೀವ ಇರುವ ಗ್ರಹದ ಬೆಳಕು ಹೇಗಿರುತ್ತದೆ ಎಂಬುದಕ್ಕೆ ನಮ್ಮ ಬಳಿ ಇರುವ ಒಂದೇ ಒಂದು ಮಾದರಿ ಅದು. ಮುಂದೆ ಯಾವುದೋ ಗ್ರಹದ ಗೆರೆಗಳು ಕೈಗೆ ಬಂದಾಗ ಪಕ್ಕದಲ್ಲಿಟ್ಟು ಹೋಲಿಸಲು ಬೇಕಾಗುತ್ತದೆ.

ಚಿಕ್ಕಮ್ಮನಿಗೆ ಇದನ್ನೂ ಹೇಳಿದೆ. ಹೊರಗೆ ಸಮುದ್ರದ ಸದ್ದು ಕೇಳುತ್ತಿತ್ತು. “ಹಾಗಾದ್ರೆ ಅದರಲ್ಲಿ ನಾವೂ ಬಂದಿದ್ದೇವಾ?” ಎಂದು ಕೇಳಿದರು.

ಬಂದಿದ್ದೇವೆ ಚಿಕ್ಕಮ್ಮ, ಈ ಸಮುದ್ರವೂ ಸೇರಿ ಒಂದೇ ಚುಕ್ಕೆಯಲ್ಲಿ, ಅಂದೆ.